ತಂಗಿಯ ಮುಖ

ಅವಳಿ ಅಂತ ಮೊದಲೇ ಗೊತ್ತಿತ್ತು. ಇಬ್ಬರೂ ಒಂದೇ ಥರ ಇರುತ್ತಾರೆ ಅಂತಲೂ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಹೇಳಿದ್ದರು. ಯಾರು ಯಾರೆಂದು ಗುರುತು ಹಿಡಿಯೋದು ಹೇಗೆ, ಒಂದಕ್ಕೇ ಎರಡು ಸಲ ಹಾಲು ಕುಡಿಸಿ ಇನ್ನೊಂದನ್ನು ಉಪವಾಸ ಕೆಡವಿದರೆ ಏನು ಗತಿ ಎಂದು ಗಂಡ ಹೆಂಡತಿ ತಿಂಗಳುಗಟ್ಟಲೆ ನಗಾಡಿದ್ದರು. ಒಂದರ ಕಾಲಿಗೆ ಕೆಂಪು ದಾರ, ಇನ್ನೊಂದಕ್ಕೆ ಹಸಿರು ದಾರ ಕಟ್ಟೋಣ ಎಂದು ಅಪ್ಪನಾಗುವವನು ದಾರದ ಉಂಡೆಗಳನ್ನೂ ತಂದಿಟ್ಟಿದ್ದ.

ದಾರ ಬೇಕಾಗಲಿಲ್ಲ. ಮೊದಲು ಹುಟ್ಟಿದ ಮಗುವಿನ ಮೇಲ್ದುಟಿ ಎಡಗಡೆ ಸೀಳಿತ್ತು. ಸೀಳು ಮೂಗಿನ ಹೊಳ್ಳೆಯವರೆಗೂ ಹೋಗಿ, ಆ ಕಡೆಯ ಮೂಗು ಚಪ್ಪಟೆಯಾಗಿ ಕೆನ್ನೆಗೆ ಒರಗಿಕೊಂಡಿತ್ತು. ಸ್ವಲ್ಪ ಹೊತ್ತಿನಲ್ಲಿ ಅದರ ಬೆನ್ನಿಗೇ ಹುಟ್ಟಿದ ಮಗು ತಿದ್ದಿ ತೀಡಿದ ಹಾಗಿತ್ತು. ನರ್ಸು ಎರಡನೆಯದನ್ನು ಮೊದಲು ತಂದು ತೋರಿಸಿದಳು. ಇನ್ನೊಂದೆಲ್ಲಿ ಎಂದು ಅಮ್ಮ ಕೇಳಿದ ಮೇಲೆಯೇ ಅದು ಬಂತು, ಕೆನ್ನೆಯವರೆಗೂ ಬಟ್ಟೆ ಸುತ್ತಿಕೊಂಡು.

ಯಾಕೆ ಹೀಗಾಯಿತು ಎಂದು ಅಮ್ಮ ಸಿಕ್ಕ ಡಾಕ್ಟರನ್ನೆಲ್ಲ ಕೇಳಿದಳು. ಒಂದೇ ಅಂಡ ಇಬ್ಭಾಗವಾಗಿ ಇಬ್ಬರಾಗಿದ್ದಾರೆ, ಆದರೂ ಹೊಟ್ಟೆಯೊಳಗೆ ತುಟಿ ಕೂಡಿಕೊಳ್ಳುವ ಹೊತ್ತಿಗೆ ಒಬ್ಬಳಿಗೆ ಏನೋ ಅಡ್ಡ ಬಂದಿದೆ, ಇನ್ನೊಬ್ಬಳಿಗೆ ಬಂದಿಲ್ಲ, ಅದೇನೆಂದು ಹೇಳುವುದು ಯಾರಿಂದಲೂ ಆಗುವುದಿಲ್ಲ ಎಂದರು. ನೀನು ತಿಂದದ್ದರಿಂದಲೋ, ಭಾರ ಎತ್ತಿದ್ದರಿಂದಲೋ, ಹೆದರಿದ್ದರಿಂದಲೋ ಆದದ್ದಲ್ಲ ಎಂದು ಒತ್ತಿ ಹೇಳಿದರು. ಅಮ್ಮ ಆ ಮಾತನ್ನು ನಂಬಿದಳು. ಆದರೆ ನಂಬಿಕೆ ತಲೆಯಲ್ಲೇ ನಿಂತಿತು, ಕರುಳಿಗೆ ಇಳಿಯಲಿಲ್ಲ.

ದೊಡ್ಡವಳನ್ನು ಅಕ್ಕು ಎಂದು ಕರೆದರು, ಚಿಕ್ಕವಳನ್ನು ಪುಟ್ಟಿ ಎಂದು. ಪುಟ್ಟಿ ಎದೆಹಾಲು ಕುಡಿದು ಮಲಗುತ್ತಿದ್ದಳು. ಅಕ್ಕುವಿಗೆ ಹಾಲು ಹೀರಲು ಆಗುತ್ತಿರಲಿಲ್ಲ. ಹಿಂಡಿ ತೆಗೆದು, ತಲೆ ಎತ್ತರಕ್ಕೆ ಹಿಡಿದು, ಚಮಚೆಯಲ್ಲಿ ಹನಿಹನಿಯಾಗಿ ಬಿಡಬೇಕು. ಅರ್ಧ ಹೊರಗೆ, ಅರ್ಧ ಒಳಗೆ. ಮೈ ಕೈ ತುಂಬಿಕೊಂಡ ಮೇಲೆ ಆಪರೇಷನ್ ಆಯಿತು. ತುಟಿ ಕೂಡಿತು. ಕೂಡಿದ ಜಾಗದಲ್ಲಿ ಒಂದು ಗೆರೆ ಉಳಿಯಿತು, ಮೇಲ್ದುಟಿ ಆ ಕಡೆ ಸ್ವಲ್ಪ ಗಿಡ್ಡವಾಗಿ ಮೇಲಕ್ಕೆ ಎಳೆದುಕೊಂಡಿತು, ಮೂಗು ಒರಗಿದ ಹಾಗೇ ಇತ್ತು. ಬೆಳೆದ ಹಾಗೆ ಮುಂದಿನ ಹಲ್ಲುಗಳು ಒಂದರ ಮೇಲೊಂದು ಹತ್ತಿಕೊಂಡವು. ಮಾತಿಗೆ ಮಾತ್ರ ತೊಂದರೆಯಾಗಲಿಲ್ಲ.

ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಬಾಯ್ಲರಿನ ಪಕ್ಕದ ಉದ್ದ ಮೇಜು ಅವಳದ್ದು. ಕಾಲರು ಮೊದಲು, ಆಮೇಲೆ ತೋಳು, ಕೊನೆಗೆ ಬೆನ್ನು. ದಿನಕ್ಕೆ ರಾಶಿಗಟ್ಟಲೆ ಅಂಗಿ. ಅಪ್ಪ ಮನೆಮನೆಗೆ ಹೋಗಿ ಫ್ರಿಜ್ಜು, ವಾಷಿಂಗ್ ಮಷೀನು ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಯಾವಾಗಲೂ ಯಾರದ್ದೋ ಮೋಟರು ಬಿಚ್ಚಿ ಬಿದ್ದಿರುತ್ತಿತ್ತು. ಹಿಂದಿನ ಕೋಣೆ ಮಕ್ಕಳದ್ದು, ಎರಡು ಮಂಚ, ನಡುವೆ ಒಂದು ಕಿಟಕಿ.

ಚಿಕ್ಕಂದಿನಲ್ಲಿ ಎಲ್ಲ ಚೆನ್ನಾಗಿಯೇ ಇತ್ತು. ಅಕ್ಕುವೇ ಗಟ್ಟಿಗಿತ್ತಿ. ಸೈಕಲ್ ಮೊದಲು ಕಲಿತವಳು ಅವಳು, ಕಾಂಪೌಂಡ್ ಹತ್ತಿ ಹಾರಿದವಳು ಅವಳು. ಪುಟ್ಟಿ ಅವಳ ಲಂಗದ ಚುಂಗು ಹಿಡಿದು ಹಿಂದೆ ಓಡುವವಳು. ಇಬ್ಬರಲ್ಲಿ ಒಬ್ಬಳಿಗೆ ಬೈದರೆ ಇಬ್ಬರೂ ಮುಖ ಊದಿಸಿಕೊಂಡು ಒಂದೇ ಮೂಲೆಯಲ್ಲಿ ಕೂರುತ್ತಿದ್ದರು. ಯಾರಾದರೂ ಅಕ್ಕುವಿನ ತುಟಿ ನೋಡಿ ಬಿದ್ದಳಾ ಎಂದು ಕೇಳಿದರೆ, ಹುಟ್ಟುವಾಗಲೇ ಹೀಗಿತ್ತು, ಹೊಲಿದಿದ್ದಾರೆ ಎಂದು ಪುಟ್ಟಿಯೇ ಉತ್ತರ ಕೊಟ್ಟು ಮುಗಿಸುತ್ತಿದ್ದಳು.

ಕಷ್ಟ ಶುರುವಾದದ್ದು ನೋಡುವವರ ಕಣ್ಣಿನಿಂದ. ಅಕ್ಕು ಒಬ್ಬಳೇ ಎದುರಾದರೆ ಜನ ಒಂದು ಸಲ ನೋಡಿ ಸುಮ್ಮನಾಗುತ್ತಿದ್ದರು. ಇಬ್ಬರೂ ಜೊತೆಗೆ ಬಂದರೆ ಕಣ್ಣು ಇವಳಿಂದ ಅವಳಿಗೆ, ಅವಳಿಂದ ಇವಳಿಗೆ ಹರಿದಾಡುತ್ತಿತ್ತು. ಕೊನೆಗೆ ಪುಟ್ಟಿಯ ಮೇಲೆ ನಿಂತು, ಅಲ್ಲಿ ಸ್ವಲ್ಪ ಸಮಾಧಾನಪಟ್ಟು, ಮತ್ತೆ ಅಕ್ಕುವಿನ ಕಡೆ ತಿರುಗಿ ಅಯ್ಯೋ ಎನ್ನುತ್ತಿತ್ತು. ಪೇಪರಿನಲ್ಲಿ ಅಕ್ಕಪಕ್ಕ ಎರಡು ಚಿತ್ರ ಹಾಕಿ ವ್ಯತ್ಯಾಸ ಗುರುತಿಸಿ ಎಂದು ಕೊಡುತ್ತಾರಲ್ಲ, ಸ್ಕೂಲಿನಲ್ಲಿ ಇಬ್ಬರಿಗೂ ಸೇರಿಸಿ ಅದೇ ಹೆಸರು ಬಿತ್ತು. ಗೇಟಿನ ಒಳಗೆ ಕಾಲಿಟ್ಟರೆ ಸಾಕು, ಓ, ವ್ಯತ್ಯಾಸ ಬಂತು, ಎನ್ನುತ್ತಿದ್ದರು. ಪುಟ್ಟಿ ಜಗಳಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಬಾಯಿ ಬಿಡದ ಹುಡುಗಿ ಸ್ಕೂಲಿನಲ್ಲಿ ಒಬ್ಬಳ ಜಡೆ ಹಿಡಿದೆಳೆದು ಹೆಡ್ ಮಿಸ್ಸಿನ ರೂಮಿನ ಹೊರಗೆ ನಿಂತಿದ್ದಳು ಎಂದು ಅಮ್ಮನಿಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಹನ್ನೆರಡು ತುಂಬಿದ ಮೇಲೆ ಅಕ್ಕು ಕನ್ನಡಿ ಬಿಟ್ಟಳು. ತಲೆಯನ್ನು ಗೋಡೆಗೆ ಮುಖ ಮಾಡಿಕೊಂಡು ಬಾಚುತ್ತಿದ್ದಳು. ಕನ್ನಡಿಯ ಬದಲು ತಂಗಿಯನ್ನು ನೋಡತೊಡಗಿದಳು. ಪುಟ್ಟಿ ಬರೆಯುವಾಗ, ಉಣ್ಣುವಾಗ, ಸುಮ್ಮನೆ ಕಿಟಕಿಯಲ್ಲಿ ಕೂತಿರುವಾಗ, ಅಂಗಡಿಯ ಗಾಜಿನಾಚೆ ಇಟ್ಟ ಸಾಮಾನನ್ನು ನೋಡುವ ಹಾಗೆ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ನನ್ನ ನೋಡಬೇಡ ಅಂತ ಅವಳಿಗೆ ಹೇಳು ಎಂದು ಪುಟ್ಟಿ ಒಂದು ದಿನ ಅಮ್ಮನ ಹತ್ತಿರ ದೂರು ತಂದಳು. ಅಕ್ಕ ನೋಡಿದರೆ ನೀನೇನು ಸವೆದು ಹೋಗ್ತೀಯಾ ಎಂದು ಅಮ್ಮ ಗದರಿ ಕಳಿಸಿದಳು.

ಸವೆಯುತ್ತಲೇ ಇದ್ದಳು. ಪುಟ್ಟಿ ಮೊದಲು ನಗುವುದನ್ನು ನಿಲ್ಲಿಸಿದಳು. ಆಮೇಲೆ ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು ಬಂತು. ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಪುಟ್ಟಿಯನ್ನು ಮಾತ್ರ ಕರೆದಿದ್ದರಂತೆ. ಹೋಗಲಿಲ್ಲ, ಕರೆದದ್ದನ್ನು ಮನೆಯಲ್ಲಿ ಹೇಳಲೂ ಇಲ್ಲ. ತಟ್ಟೆಯಲ್ಲಿ ಖಾರ ಬಿದ್ದರೆ ಹಾ ಹಾ ಎನ್ನುತ್ತಿದ್ದಳು. ಅಮ್ಮ ಒಂದು ದಿನ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದರೆ ಮೇಲ್ದುಟಿಯ ಒಳಗಡೆ, ಎಡಕ್ಕೆ, ಕಚ್ಚಿ ಕಚ್ಚಿ ಹುಣ್ಣಾಗಿತ್ತು. ಒಂದು ಮಗುವಿನ ಚಿಂತೆಯಲ್ಲಿ ಇನ್ನೊಂದರ ಮುಖ ನೋಡುವುದನ್ನೇ ಬಿಟ್ಟಿದ್ದೆನಲ್ಲ ಎಂದು ಆಗ ಅಮ್ಮನಿಗೆ ಅನ್ನಿಸಿತು.

ಲಾಂಡ್ರಿಯ ಯಜಮಾನಿಯ ಹತ್ತಿರ ಎರಡು ದಿನ ರಜೆ ಕೇಳಿ, ಅಮ್ಮ ಇಬ್ಬರನ್ನೂ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿಯ ಸರ್ಜನ್ ಒಬ್ಬ ಹೆಂಗಸು, ನಿಧಾನದ ಮಾತಿನವರು. ಮೂಗನ್ನು ಈಗ ಮುಟ್ಟುವ ಹಾಗಿಲ್ಲ, ಮುಖ ಬೆಳೆಯುವುದು ನಿಂತ ಮೇಲೆ, ಹದಿನಾರೋ ಹದಿನೇಳೋ ಆದ ಮೇಲೆ ನೋಡೋಣ. ಹಲ್ಲಿಗೆ ತಂತಿ ಹಾಕಬಹುದು, ತುಟಿಯನ್ನು ಬೇಕಾದರೆ ಈಗ ಸ್ವಲ್ಪ ಸರಿಮಾಡಬಹುದು ಎಂದರು.

ಅಕ್ಕು ಕೈ ಚಾಚಿ ಪುಟ್ಟಿಯನ್ನು ತೋರಿಸಿದಳು. "ಇವಳ ಥರ ಆಗುತ್ತಾ?"

"ಇಲ್ಲಮ್ಮ," ಎಂದರು ಸರ್ಜನ್. "ಈಗಿರೋದಕ್ಕಿಂತ ಚೆನ್ನಾಗಾಗುತ್ತೆ. ಇವಳ ಥರ ಆಗಲ್ಲ. ಗಾಯದ ಗುರುತನ್ನ ಸಣ್ಣದು ಮಾಡಬಹುದು, ಇಲ್ಲದ ಹಾಗೆ ಮಾಡೋಕಾಗಲ್ಲ."

ಅಷ್ಟು ಬಿಚ್ಚಿ ಹೇಳಿದವರು, ಪುಟ್ಟಿ ಹೇಗೂ ಇದ್ದಾಳಲ್ಲ ಎಂದು ಅವಳನ್ನೂ ಕೂರಿಸಿ, ಸಣ್ಣ ಅಳತೆಪಟ್ಟಿ ಹಿಡಿದು, ಮೂಗಿನಿಂದ ತುಟಿಗೆಷ್ಟು, ತುಟಿಯ ಅಗಲವೆಷ್ಟು ಎಂದು ನೋಡಿ ಬರೆದುಕೊಂಡರು. ಅಕ್ಕು ಆ ಅಳತೆಯನ್ನು ಕಣ್ಣು ಕೀಲಿಸಿ ನೋಡಿದಳು. ದರ್ಜಿ ಯಾರದ್ದೋ ಅಂಗಿಯ ಅಳತೆ ತಗೊಂಡ ಮೇಲೆ ಅದೇ ಥರದ್ದನ್ನೇ ತಾನೇ ಹೊಲಿಯೋದು? ಡಾಕ್ಟರ ಮಾತು ಅವಳ ಕಿವಿಗೆ ಬಿದ್ದು ಹೊರಗೆ ಹೋಯಿತು, ಅಳತೆ ಮಾತ್ರ ಒಳಗೆ ಉಳಿಯಿತು. ಇಬ್ಬರನ್ನೂ ಒಂದು ಸಲ ಆಪ್ತಸಮಾಲೋಚಕಿಯ ಹತ್ತಿರ ಕೂರಿಸಿ ಎಂದೂ ಸರ್ಜನ್ ಹೇಳಿದ್ದರು. ಇನ್ನೊಂದು ದಿನ ರಜೆ ಕೇಳಲು ಅಮ್ಮನಿಗೆ ಬಾಯಿ ಬರಲಿಲ್ಲ. ಮುಂದಿನ ಸಲ ನೋಡೋಣ ಎಂದುಕೊಂಡಳು.

ಹೊರಗೆ ಬೆಂಚಿನ ಮೇಲೆ ಪುಟ್ಟ ಹುಡುಗಿಯೊಂದು ಅವರಜ್ಜಿಯ ತೊಡೆಯ ಮೇಲೆ ಕೂತು ಏನೋ ಕಥೆ ಹೊಡೆಯುತ್ತಿತ್ತು. ಅದರ ತುಟಿಯ ಎರಡೂ ಕಡೆ ಹೊಲಿಗೆಯ ಗುರುತಿತ್ತು, ಅಕ್ಕುವಿನದಕ್ಕಿಂತ ದೊಡ್ಡದು. ಮಗು ಬಾಯಿ ತುಂಬ ನಗುತ್ತಿತ್ತು. ಅಮ್ಮ ಅದನ್ನೇ ನೋಡುತ್ತ ನಿಂತಳು. ಆ ಮಗುವಿಗೆ ತನ್ನ ಮುಖ ಎಂದರೆ ಅದೊಂದೇ. ಬೇರೆ ಹೇಗಿರಬಹುದಿತ್ತು ಎಂದು ಅದಕ್ಕೆ ಯಾರೂ ತೋರಿಸಿರಲಿಲ್ಲ. ತನ್ನ ಅಕ್ಕುವಿನ ಎದುರು ಆ ಬೇರೆ ಮುಖ ಬೆಳಗಾದರೆ ಎದ್ದು ಓಡಾಡುತ್ತದೆ, ಪಕ್ಕದಲ್ಲೇ ಕೂತು ಉಣ್ಣುತ್ತದೆ.

ಮನೆಗೆ ಬಂದಾಗ ಅಪ್ಪ ಖುಷಿಯಲ್ಲಿ ಹೆಚ್ಚೇ ಮಾತಾಡಿಬಿಟ್ಟ. ಇನ್ನು ಮೇಲೆ ಯಾರು ಯಾರೆಂದು ನನಗೇ ಗೊತ್ತಾಗಲ್ಲ, ಒಬ್ಬಳಿಗೆ ಬೈಯೋದು ಇನ್ನೊಬ್ಬಳಿಗೆ ಬೀಳುತ್ತೆ ನೋಡಿ ಎಂದ. ಅಕ್ಕು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಳು ಎಂದು ಅಮ್ಮನೂ ಅವನ ಮಾತನ್ನು ತಿದ್ದಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಹೊಲಿಗೆ ಬಿಚ್ಚಿದಾಗ ತುಟಿ ಊದಿಕೊಂಡಿತ್ತು, ಕೆಂಪಗಿತ್ತು. ಇಳಿಯಲು ತಿಂಗಳುಗಳು ಬೇಕು ಎಂದಿದ್ದರು. ಅಕ್ಕು ತಾಳ್ಮೆಯಿಂದ ಕಾದಳು. ಊತ ಇಳಿಯಿತು, ಗಿಡ್ಡವಾಗಿದ್ದ ತುಟಿ ಸ್ವಲ್ಪ ಇಳಿಬಿದ್ದು ಸರಿಯಾಯಿತು, ಗೆರೆ ತೆಳುವಾಯಿತು. ನೋಡಿದವರೆಲ್ಲ ಎಷ್ಟು ಚೆನ್ನಾಗಿ ಕೂತಿದೆ ಎಂದರು. ಯಜಮಾನಿ ಫೋಟೋ ತರಿಸಿ ನೋಡಿ ಕಣ್ಣು ಒರೆಸಿಕೊಂಡಳು. ಅಕ್ಕು ಮಾತ್ರ ಒಂದು ದಿನ ಪುಟ್ಟಿಯನ್ನು ಕನ್ನಡಿಯ ಮುಂದೆ ಎಳೆದುಕೊಂಡು ಹೋಗಿ, ಭುಜಕ್ಕೆ ಭುಜ ತಾಗಿಸಿ ನಿಲ್ಲಿಸಿ, ಇಬ್ಬರನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಹೋಗಿ ಮಲಗಿದವಳು ಮಾರನೆಯ ದಿನ ಸ್ಕೂಲಿಗೆ ಏಳಲಿಲ್ಲ.

ಅದರ ಮಾರನೆಯ ದಿನವೂ ಏಳಲಿಲ್ಲ. ಅಪ್ಪ ಮುದ್ದು ಮಾಡಿದ, ಅಮ್ಮ ಬೈದಳು, ಟೀಚರು ಮನೆಗೆ ಬಂದು ಹೋದರು. ಊಟವನ್ನು ಕೋಣೆಗೇ ತರಿಸಿಕೊಂಡು ಗೋಡೆಯ ಕಡೆ ತಿರುಗಿ ತಿನ್ನುತ್ತಿದ್ದಳು. ಒಂದು ದಿನ ತಟ್ಟೆ ತೆಗೆಯಲು ಹೋದ ಅಮ್ಮನಿಗೆ ತಗ್ಗಿದ ದನಿಯಲ್ಲಿ ಹೇಳಿದಳು.

"ಅವಳನ್ನ ಎಲ್ಲಾದ್ರೂ ಕಳಿಸು."

ಯಾರನ್ನು ಎಂದು ಅಮ್ಮ ಕೇಳಬೇಕಾಗಿರಲಿಲ್ಲ. ಕೈ ತನ್ನಷ್ಟಕ್ಕೆ ಎದ್ದಿತು. ಮಕ್ಕಳ ಮೇಲೆ ಎಂದೂ ಏಳದ ಕೈ. ಬೀಸಿದ ಕೈ ನಡುದಾರಿಯಲ್ಲಿ ತುಟಿಯ ನೆನಪಾಗಿ ಪಕ್ಕಕ್ಕೆ ಸರಿದು ಕಿವಿಯ ಮೇಲೆ ಬಿತ್ತು. ಅಕ್ಕು ಅಳಲಿಲ್ಲ. ತುಟಿ ತಪ್ಪಿಸಿ ಹೊಡೆದದ್ದು ಅವಳಿಗೆ ಗೊತ್ತಾಗಿತ್ತು. ಏಟಿಗಿಂತ ಅದೇ ಅವಳಿಗೆ ಹೆಚ್ಚು ನೋವಾಯಿತೇನೋ ಎಂದು ಅಮ್ಮ ಆಮೇಲೆ ಎಷ್ಟೋ ಸಲ ಯೋಚಿಸಿದಳು.

ಆ ವಾರವೇ ಲಾಂಡ್ರಿಯ ಬಾಯ್ಲರು ಕೆಟ್ಟು ಮಧ್ಯಾಹ್ನಕ್ಕೇ ಕೆಲಸ ನಿಂತಿತು. ಅಮ್ಮ ಬೇಗ ಮನೆಗೆ ಬಂದಳು. ಹಿಂದಿನ ಕೋಣೆಯ ಬಾಗಿಲು ತೆರೆದೇ ಇತ್ತು. ಮಕ್ಕಳಿಬ್ಬರೂ ಒಂದೇ ಮಂಚದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಎದುರುಬದುರು ಕೂತಿದ್ದರು. ಅಕ್ಕು ಎಡಗೈಯಲ್ಲಿ ತಂಗಿಯ ಗಲ್ಲ ಹಿಡಿದಿದ್ದಳು. ಬಲಗೈಯಲ್ಲಿ ಬಾಲ್‌ಪೆನ್ನು. ಮೂಗಿನ ಹೊಳ್ಳೆಯಿಂದ ತುಟಿಯ ಅಂಚಿನವರೆಗೆ, ತನ್ನ ಮುಖದ ಮೇಲಿರುವ ಗೆರೆಯನ್ನು ಪುಟ್ಟಿಯ ಮುಖದ ಮೇಲೆ ಎಳೆಯುತ್ತಿದ್ದಳು. ಒಂದು ಸಲ ಎಳೆದದ್ದರ ಮೇಲೆ ಮತ್ತೊಂದು ಸಲ, ಒತ್ತಿ ಒತ್ತಿ. ಪುಟ್ಟಿ ಕಣ್ಣು ಮುಚ್ಚಿ ಅಲುಗಾಡದೆ ಕೂತಿದ್ದಳು. ರೆಪ್ಪೆಯ ಕೆಳಗಿಂದ ನೀರು ಇಳಿಯುತ್ತಿತ್ತು.

ಅಮ್ಮನನ್ನು ಕಂಡು ಇಬ್ಬರೂ ಬೆಚ್ಚಲಿಲ್ಲ. ಅವಳೇ ಬರಿ ಅಂದಳು ಎಂದು ಅಕ್ಕು ಶಾಂತವಾಗಿ ಹೇಳಿದಳು. ಪುಟ್ಟಿ ಹೌದೆಂದು ತಲೆಯಾಡಿಸಿ, ಅಮ್ಮನ ಕಡೆ ಮುಖ ತಿರುಗಿಸಿದಳು.

"ಈಗ ಒಂದೇ ಥರ ಇದೀವಾ ಅಮ್ಮ?"

ಅಮ್ಮ ಅವಳನ್ನು ಬಚ್ಚಲಿಗೆ ಎತ್ತಿಕೊಂಡೇ ಹೋದಳು, ಅಷ್ಟು ದೊಡ್ಡ ಹುಡುಗಿಯನ್ನು. ಎಂಥೆಂಥ ಅಂಗಿಯ ಮೇಲಿನ ಇಂಕಿನ ಕಲೆಯನ್ನು ತೆಗೆದು ಪಳಗಿದ ಕೈ, ಅವತ್ತು ಸೋಪು ಹಿಡಿದು ತುಟಿಯ ಮೇಲೆ ಮೆಲ್ಲಗೆ ಉಜ್ಜಿತು. ಇಂಕು ಹೋಯಿತು. ಪೆನ್ನಿನ ಮೊನೆ ಒತ್ತಿದ ಗೀರು ಸಂಜೆಯವರೆಗೂ ಹಾಗೇ ಕೆಂಪಗೆ ಉಳಿದಿತ್ತು.

ಗಂಡ ಬಂದ ಕೂಡಲೇ ಅಮ್ಮ ವಿಷಯ ಹೇಳಿದಳು. ಬೇರೆ ಊರಿನಲ್ಲಿ ಅವಳ ಅಕ್ಕ ಇದ್ದಳು, ಮಕ್ಕಳಿಗೆ ದೊಡ್ಡಮ್ಮ. ಒಬ್ಬಳೇ ಇರುವವಳು, ಊರಿನ ಈಜುಕೊಳದಲ್ಲಿ ಟಿಕೆಟ್ ಕೊಡುವ ಕೆಲಸ. ಪುಟ್ಟಿಯನ್ನು ಅಲ್ಲಿಗೆ ಕಳಿಸೋಣ ಎಂದಳು. ಏನೂ ಮಾಡದವಳಿಗೆ ಶಿಕ್ಷೆನಾ ಎಂದು ಅಪ್ಪ ಎಗರಾಡಿದ. ಕಳಿಸೋದಾದರೆ ಇಬ್ಬರನ್ನೂ ಕಳಿಸು, ಇಲ್ಲ ನನ್ನನ್ನೂ ಕಳಿಸು ಎಂದ.

"ಇಬ್ಬರೂ ಇಲ್ಲೇ ಇದ್ರೆ ಇಬ್ಬರೂ ಕೈ ಬಿಟ್ಟು ಹೋಗ್ತಾರೆ ರೀ," ಎಂದಳು ಅಮ್ಮ. "ಒಬ್ಬಳಾದ್ರೂ ಉಳೀಲಿ."

ಯಾರು ಉಳಿಯಲಿ ಎಂದು ಅವಳು ಹೇಳಲಿಲ್ಲ, ಅವನು ಕೇಳಲಿಲ್ಲ. ಯಾರದ್ದೋ ಮೋಟರನ್ನು ಮುಂದೆ ಎಳೆದುಕೊಂಡು ಸ್ಕ್ರೂ ಬಿಚ್ಚುತ್ತ ಕೂತ.

ಪುಟ್ಟಿ ಅಳಲಿಲ್ಲ, ಹಟ ಮಾಡಲಿಲ್ಲ. ಬಟ್ಟೆಯೆಲ್ಲ ಜೋಡಿಯಾಗಿ ಕೊಂಡದ್ದು. ಪ್ರತಿ ಜೋಡಿಯಲ್ಲಿ ಒಂದೊಂದನ್ನು ತೆಗೆದು ಚೀಲಕ್ಕೆ ಹಾಕಿಕೊಂಡಳು. ಅಕ್ಕು ಗೋಡೆ ನೋಡಿಕೊಂಡು ಮಲಗಿದ್ದಳು. ಬಸ್ ಸ್ಟಾಂಡಿನಲ್ಲಿ ಪುಟ್ಟಿ ಅಮ್ಮನನ್ನು ಕೇಳಿದ್ದು ಇಷ್ಟೇ, ನಾನು ವಾಪಸ್ ಬರೋ ಹೊತ್ತಿಗೆ ಅಕ್ಕು ಸರಿಹೋಗಿರ್ತಾಳಾ ಎಂದು. ಸರಿಹೋಗಿರ್ತಾಳೆ ಎಂದಳು ಅಮ್ಮ. ಸರಿಹೋಗದಿದ್ರೆ ಎಂದಳು ಪುಟ್ಟಿ. ಅಷ್ಟರಲ್ಲಿ ಬಸ್ಸು ಬಂತು.

ಮೊದಮೊದಲು ಅಮ್ಮನಿಗೆ ತಾನು ಮಾಡಿದ್ದೇ ಸರಿ ಎನ್ನಿಸಿತು. ಅಕ್ಕು ಎದ್ದಳು, ಸ್ನಾನ ಮಾಡಿದಳು, ಎಲ್ಲರ ಜೊತೆ ಕೂತು ಉಂಡಳು, ಸ್ಕೂಲಿಗೆ ಹೋದಳು. ಅಳೆದು ನೋಡುವ ಕಣ್ಣುಗಳಿಗೆ ಇನ್ನೊಂದು ಮುಖ ಸಿಗದೆ ಅವು ಬೇಗ ಬೇಸತ್ತವು. ಅಪ್ಪ ಕೂಡ ಹೋಗಲಿ ಬಿಡು ಎಂದು ಮೆತ್ತಗಾದ.

ಆದರೆ ಸ್ಕೂಲಿನಲ್ಲಿ ಅಕ್ಕುವಿನ ಪರವಾಗಿ ಯಾರದ್ದಾದರೂ ಜಡೆ ಹಿಡಿದು ಎಳೆಯುವವರು ಈಗ ಇರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಬೆಂಚಿನ ಆ ತುದಿ ಖಾಲಿ. ಗಾಯದ ಬಗ್ಗೆ ಕೇಳಿದವರಿಗೆ ಅವಳೇ ಉತ್ತರ ಹೇಳಬೇಕು, ಹೇಳಿ ಅಭ್ಯಾಸವಿರಲಿಲ್ಲ. ಮನೆಯಲ್ಲೂ ಮಾತು ಕಮ್ಮಿಯಾಗುತ್ತ ಬಂತು. ಇಬ್ಬರಿಗೂ ತಮ್ಮದೇ ಒಂದು ಅರ್ಧಂಬರ್ಧ ಭಾಷೆಯಿತ್ತು, ಒಬ್ಬಳು ಶುರುಮಾಡಿದ್ದನ್ನು ಇನ್ನೊಬ್ಬಳು ಮುಗಿಸುವಂಥದ್ದು. ಈಗ ಅಕ್ಕುವಿನ ಮಾತುಗಳೆಲ್ಲ ನಡುವಿನಲ್ಲೇ ನಿಂತುಬಿಡುತ್ತಿದ್ದವು. ತಂಗಿಯ ಮಂಚವನ್ನು ತೆಗೆದುಹಾಕಿ ಎಂದು ಅಪ್ಪನಿಗೆ ಹೇಳಿದಳು. ಅವನು ಬಿಚ್ಚಲು ಕೂತರೆ ಬೇಡ ಎಂದಳು. ಮತ್ತೆ ಊಟ ಬಿಟ್ಟಳು. ಈ ಸಲ ಗೋಡೆಗೆ ತಿರುಗಿಯೂ ತಿನ್ನಲಿಲ್ಲ. ಜೋಡಿಯಲ್ಲಿ ಉಳಿದ ಬಟ್ಟೆಗಳು ಮೈಮೇಲೆ ಜೋಲತೊಡಗಿದವು. ಆಗ ಅಮ್ಮ ಎಲ್ಲ ಬಿಟ್ಟು ಆಪ್ತಸಮಾಲೋಚಕಿಯ ಹತ್ತಿರ ಕರೆದುಕೊಂಡು ಹೋದಳು. ಅಕ್ಕು ಅಲ್ಲಿ ಚಪ್ಪಲಿ ನೋಡುತ್ತ ಕೂತು ಎದ್ದುಬಂದಳು. ಇನ್ನೊಬ್ಬಳೂ ಬಂದರೆ ಒಳ್ಳೆಯದು ಎಂದರು ಅವರು. ಸಮಯ ಹಿಡಿಯುತ್ತೆ, ಬಿಡಬೇಡಿ ಎಂದರು.

ದಾರಿಯಲ್ಲಿ ಅಕ್ಕು ತಾನಾಗಿ ಬಾಯಿ ಬಿಟ್ಟಳು. "ಅವಳಿಗೆ ಬರೋಕೆ ಹೇಳು."

ಅಮ್ಮ ನಡೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು.

"ಅವಳನ್ನ ನೋಡೋಕೂ ಆಗಲ್ಲ. ನೋಡದೆ ಇರೋಕೂ ಆಗಲ್ಲ," ಎಂದಳು ಅಕ್ಕು.

ಆ ಶನಿವಾರವೇ ಅಮ್ಮ ಪುಟ್ಟಿಯನ್ನು ಕರೆತರಲು ಹೊರಟಳು. ಫೋನು ಮಾಡಿರಲಿಲ್ಲ. ಊರಿಗೆ ಮುಟ್ಟಿದಾಗ ಸಂಜೆ. ನೇರವಾಗಿ ಈಜುಕೊಳಕ್ಕೇ ಹೋದಳು. ದೊಡ್ಡಮ್ಮ ಟಿಕೆಟ್ ಕಿಂಡಿಯ ಹಿಂದಿನಿಂದ ಎದ್ದು ಬಂದು, ಏನಾಯ್ತೇ ಎಂದು ಕೈ ಹಿಡಿದುಕೊಂಡಳು. ಅಮ್ಮನ ಮುಖ ನೋಡಿ ಮತ್ತೇನೂ ಕೇಳದೆ ಒಳಗೆ ಕಂಬಿಯ ಹತ್ತಿರ ಕರೆದುಕೊಂಡು ಹೋಗಿ ನಿಲ್ಲಿಸಿದಳು.

ನೀರಿನಲ್ಲಿ ಹುಡುಗಿಯರ ಗುಂಪಿತ್ತು. ಒಬ್ಬಳು ಕೊಳದ ಆ ತುದಿಯಿಂದ ಮುಳುಗಿ ಈ ತುದಿಯಲ್ಲಿ ಎದ್ದಳು. ಟೋಪಿಯೊಳಗೆ ಕೂದಲೆಲ್ಲ ಸೇರಿಸಿದ್ದರಿಂದ ಮುಖ ಪೂರ್ತಿ ಬಯಲಾಗಿತ್ತು. ಪಕ್ಕದವಳು ಏನೋ ಹೇಳಿದಳು. ಅದಕ್ಕೆ ಇವಳು ತಲೆ ಹಿಂದಕ್ಕೆ ಚೆಲ್ಲಿ, ನೀರು ಬಾಯಿಗೆ ಹೋಗಿ ಕೆಮ್ಮು ಬಂದರೂ ಬಿಡದೆ, ಬಾಯಿ ತುಂಬ ನಕ್ಕಳು. ಒಂದು ಕ್ಷಣ ಅಮ್ಮನಿಗೆ ಅದು ಯಾರೆಂದು ತಿಳಿಯಲಿಲ್ಲ. ತನ್ನ ಮಗಳು ಹಾಗೆ ನಕ್ಕದ್ದನ್ನು ಅವಳು ನೋಡಿ ವರ್ಷಗಳಾಗಿದ್ದವು.

ಮೊದಲ ತಿಂಗಳು ನೀರಿನ ಒಳಗೆ ಮುಖ ಇಟ್ಟುಕೊಂಡೇ ಇರುತ್ತಿದ್ದಳು ಎಂದು ದೊಡ್ಡಮ್ಮ ಹೇಳಿದಳು. ಉಸಿರಿಗೆ ಮಾತ್ರ ಮೇಲೆ ಬರುತ್ತಿದ್ದಳು, ಯಾರ ಹತ್ತಿರವೂ ಮಾತಿಲ್ಲ. ಇಲ್ಲಿ ಯಾರಿಗೂ ಅವಳು ಅವಳಿಯಲ್ಲಿ ಒಬ್ಬಳು ಅಂತ ಗೊತ್ತಿಲ್ಲ, ನಾನೂ ಹೇಳಿಲ್ಲ ಎಂದಳು.

ಊಟಕ್ಕೆ ಕೂತಾಗ ಪುಟ್ಟಿ ಈಜಿನ ಸುದ್ದಿ, ಸ್ಕೂಲಿನ ಸುದ್ದಿ ಎಲ್ಲ ಹೇಳಿದಳು. ಕೊನೆಗೆ ಅಕ್ಕು ಹೇಗಿದ್ದಾಳೆ ಎಂದಳು. ಇದ್ದಾಳೆ ಎಂದಳು ಅಮ್ಮ. ಪುಟ್ಟಿಯ ಕೈ ತಟ್ಟೆಯಲ್ಲಿ ನಿಂತಿತು.

"ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ?"

ಅವಳ ಇನ್ನೊಂದು ಕೈ ಆಗಲೇ ಬಾಯಿಯ ಮೇಲೆ ಹೋಗಿ ಕೂತಿತ್ತು. ತನಗೇ ಗೊತ್ತಿಲ್ಲದ ಹಾಗೆ ಹೋಗಿತ್ತು. ಅಮ್ಮ ಆ ಕೈಯನ್ನು ನೋಡಿದಳು.

"ಇಲ್ಲ," ಎಂದಳು. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

ಭಾನುವಾರ ಅಮ್ಮ ಒಬ್ಬಳೇ ವಾಪಸಾದಳು. ಬಸ್ ಸ್ಟಾಂಡಿಗೆ ಅಪ್ಪನ ಜೊತೆ ಅಕ್ಕುವೂ ಬಂದಿದ್ದಳು, ಶಾಲನ್ನು ಬಾಯಿಯವರೆಗೆ ಸುತ್ತಿಕೊಂಡು. ಅಮ್ಮ ಇಳಿದ ಮೇಲೂ ಅವಳ ಕಣ್ಣು ಬಸ್ಸಿನ ಬಾಗಿಲಲ್ಲೇ ಇತ್ತು. ಬಸ್ಸು ಖಾಲಿಯಾಗಿ, ಕಂಡಕ್ಟರು ಬಾಗಿಲು ಎಳೆದುಕೊಂಡ ಮೇಲೆ ಅಮ್ಮನ ಕಡೆ ತಿರುಗಿದಳು. ಅಲ್ಲೇ ಬೆಂಚಿನ ಮೇಲೆ ಕೂರಿಸಿಕೊಂಡು ಅಮ್ಮ ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಸುಳ್ಳು ಹೇಳಬಹುದಿತ್ತು, ಪರೀಕ್ಷೆ ಇದೆಯಂತೆ, ಜ್ವರವಂತೆ ಎಂದು. ಹೇಳಿ ಹೇಳಿ ಸಾಕಾಗಿತ್ತು.

"ಬಾಯಿ ತುಂಬ ನಕ್ಳಾ?" ಎಂದು ಕೇಳಿದಳು ಅಕ್ಕು.

"ಹೂಂ."

"ಚೆನ್ನಾಗಿ ಕಾಣ್ತಿದ್ಳಾ?"

ಅಮ್ಮ ಹೌದೆಂದು ತಲೆ ಆಡಿಸಿದಳು.

"ಹೀಗೆ ಹುಟ್ಟದಿದ್ರೆ ನಾನೂ ಹಾಗೇ ಕಾಣ್ತಿದ್ದೆ, ಅಲ್ವಾ."

ಹೌದೆಂದರೆ ಕೊಂದ ಹಾಗೆ, ಅಲ್ಲ ಎಂದರೆ ಸುಳ್ಳು. ಅಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ಆಪರೇಷನ್ ಆದಾಗ, ಸ್ಕೂಲು ಬಿಟ್ಟಾಗ, ಏಟು ತಿಂದಾಗ ಅಳದ ಹುಡುಗಿ ಅಷ್ಟು ಜನರ ನಡುವೆ ದನಿ ತೆಗೆದು ಅತ್ತಳು. ಶಾಲು ಜಾರಿ ಬಿತ್ತು. ಜನ ನಿಂತು ನೋಡಿದರು. ಅಪ್ಪ ಏನು ಮಾಡಬೇಕೆಂದು ತೋಚದೆ, ನೋಡುವವರಿಗೆ ಅಡ್ಡವಾಗಿ ಬೆನ್ನು ಮಾಡಿಕೊಂಡು ನಿಂತ. ಅತ್ತು ಮುಗಿದ ಮೇಲೆ ಅಕ್ಕು ಮೂಗು ಒರೆಸಿಕೊಂಡು, ಅಲ್ಲೇ ಇರಲಿ ಬಿಡು ಎಂದಳು. ಔದಾರ್ಯದಿಂದ ಹೇಳಿದಳೋ, ಸೋತು ಹೇಳಿದಳೋ, ಅಮ್ಮನಿಗೆ ಕೊನೆಗೂ ತಿಳಿಯಲಿಲ್ಲ.

ಪುಟ್ಟಿ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಕ್ಕು ಯಾವತ್ತೂ ತೆಗೆದುಕೊಂಡವಳಲ್ಲ. ಅದಾದ ಮುಂದಿನ ವಾರ ತೆಗೆದುಕೊಂಡಳು. ಆ ಕಡೆಯಿಂದ ಮುಖ ಕಾಣುವ ಕರೆ ಬಂದಿತ್ತು. ಇವಳು ಕ್ಯಾಮೆರಾದ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ನೀನೂ ಮುಚ್ಚು, ಆಮೇಲೆ ಮಾತಾಡ್ತೀನಿ ಎಂದಳು. ಕೋಣೆಯ ಬಾಗಿಲು ಹಾಕಿಕೊಂಡಳು. ಹೊರಗೆ ಕೂತ ಅಪ್ಪ ಅಮ್ಮನಿಗೆ ಒಳಗೆ ಎರಡು ದನಿ ಕೇಳುತ್ತಿತ್ತು, ಯಾವುದು ಕೋಣೆಯದು ಯಾವುದು ಫೋನಿನದು ಎಂದು ಹೇಳಲು ಬರುತ್ತಿರಲಿಲ್ಲ. ದನಿಯಲ್ಲಿ ಇಬ್ಬರೂ ಒಂದೇ. ಅಪ್ಪ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಇದೊಂದು ನಮಗೆ ತೋಚಲೇ ಇಲ್ಲವಲ್ಲೇ ಎಂದ.

ಹಾಗಂತ ಎಲ್ಲ ಸರಿಹೋಯಿತು ಎಂದಲ್ಲ. ಅಕ್ಕು ಸ್ಕೂಲಿಗೆ ಎರಡು ದಿನ ಹೋದರೆ ಒಂದು ದಿನ ಹೋಗುತ್ತಿರಲಿಲ್ಲ. ಸ್ವಲ್ಪ ಉಣ್ಣುತ್ತಿದ್ದಳು, ಜಾಸ್ತಿ ಬಿಡುತ್ತಿದ್ದಳು. ಸಮಾಲೋಚಕಿಯ ಹತ್ತಿರ ಇನ್ನೂ ಚಪ್ಪಲಿಯನ್ನೇ ನೋಡುತ್ತಿದ್ದಳು, ಆದರೂ ಬರಲ್ಲ ಎನ್ನುತ್ತಿರಲಿಲ್ಲ. ಮೂಗಿನ ಆಪರೇಷನ್ನಿಗೆ ಇನ್ನೂ ವರ್ಷಗಳಿದ್ದವು. ಅಮ್ಮ ಇಸ್ತ್ರಿ ಮಾಡುತ್ತ ಮಾಡುತ್ತ, ಅಷ್ಟರವರೆಗೆ ಈ ಮಗುವನ್ನು ಹೇಗೆ ದಾಟಿಸಲಿ ಎಂದು ಯೋಚಿಸಿ, ಒಂದೆರಡು ಕಾಲರು ಸುಟ್ಟು, ಯಜಮಾನಿಯಿಂದ ಬೈಸಿಕೊಂಡಳು.

ರಜೆಯಲ್ಲಿ ಪುಟ್ಟಿ ಬಂದಳು. ಮೈ ತುಂಬಿಕೊಂಡು, ಭುಜ ಅಗಲವಾಗಿ, ಬಿಸಿಲಿಗೆ ಕಂದಿ ಬಂದಿದ್ದಳು. ಅಕ್ಕು ಮತ್ತೂ ಸೊರಗಿದ್ದಳು. ಈಗ ತುಟಿಯೊಂದೇ ಅಲ್ಲ, ಎಲ್ಲದರಲ್ಲೂ ವ್ಯತ್ಯಾಸವಿತ್ತು. ಪುಟ್ಟಿ ಚೀಲ ಕೆಳಗಿಟ್ಟು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಳು.

ಅಕ್ಕು ಕತ್ತೆತ್ತದೆ, "ಆ ಕಡೆ ತಿರುಗಿ ಕೂತ್ಕೋ," ಎಂದಳು.

ಪುಟ್ಟಿ ಮಂಚ ಹತ್ತಿ ಬಾಗಿಲ ಕಡೆ ಮುಖ ಮಾಡಿ ಕೂತಳು. ಅಕ್ಕು ಕಿಟಕಿಯ ಕಡೆ ತಿರುಗಿ, ಅವಳ ಬೆನ್ನಿಗೆ ಬೆನ್ನು ಆನಿಸಿದಳು. ಇಬ್ಬರೂ ಹಾಗೇ ಕೂತು ಮಾತಾಡಿದರು. ಅಮ್ಮ ತಿನ್ನಲು ಬ್ರೆಡ್ಡು ತಂದವಳು, ಒಂದು ತಟ್ಟೆಯನ್ನು ಬಾಗಿಲ ಕಡೆ ಕೊಟ್ಟು, ಮಂಚ ಸುತ್ತಿ ಹೋಗಿ ಇನ್ನೊಂದನ್ನು ಕಿಟಕಿಯ ಕಡೆ ಕೊಟ್ಟಳು. ಇಬ್ಬರ ಮುಖವನ್ನೂ ಒಟ್ಟಿಗೆ ನೋಡಬೇಕೆಂದರೆ ಎಲ್ಲಿ ನಿಂತರೂ ಆಗುತ್ತಿರಲಿಲ್ಲ. ಅಕ್ಕು ಬ್ರೆಡ್ಡನ್ನು ಮುರಿದು ಬಾಯಿಗಿಟ್ಟುಕೊಂಡಳು. ಅಮ್ಮ ಅದನ್ನು ನೋಡಿಯೂ ನೋಡದವಳ ಹಾಗೆ ಹೊರಗೆ ಬಂದಳು.

ನಾಲ್ಕು ದಿನ ಇದ್ದು ಪುಟ್ಟಿ ಹೊರಟಳು. ಅಕ್ಕು ಗೇಟಿನವರೆಗೆ ಬಂದಳು. ತಂಗಿಯ ಮುಖವನ್ನು ಒಂದು ಸಲ ಪೂರ್ತಿಯಾಗಿ ನೋಡಿದಳು, ಪುಟ್ಟಿ ಬಾಯಿಗೆ ಕೈ ತಂದುಕೊಳ್ಳುವಷ್ಟರಲ್ಲಿ ಕಣ್ಣು ಕೆಳಗೆ ಹಾಕಿದಳು. ಅಪ್ಪ ಚೀಲ ಹೊತ್ತು ಮುಂದೆ ಹೋದ, ಪುಟ್ಟಿ ಹಿಂದೆ ಹೋದಳು. ಅವರು ತಿರುವಿನಲ್ಲಿ ಮರೆಯಾದ ಮೇಲೆ ಅಕ್ಕು ಮುಂದಿನ ರಜೆ ಯಾವಾಗ ಎಂದು ಅಮ್ಮನನ್ನು ಕೇಳಿದಳು.